ರಾಜಹಂಸಗಳಿಗೆ ದರ್ಜಿಯ ಕನ್ನಡಿ

ಮೃಗಾಲಯದಲ್ಲಿ ಅವಳನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದೇವೆ ಎಂದು ಅವರು ತಿಳಿದಿದ್ದರು, ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಅದು ಅವಳ ಕಿವಿಗೆ ಬಿದ್ದಿತ್ತು. ಉದ್ದ ಕಾಲು, ಉದ್ದ ಕತ್ತು, ಯಾರಾದರೂ ಮಾತಾಡಿಸಿದರೆ ಬಾಯಿ ತೆರೆಯುವ ಮೊದಲೇ ಬಗ್ಗುವ ತಲೆ. ಅದರ ಮೇಲೆ ಬಿಳಿ ಗಂಬೂಟು ಹಾಕಿಕೊಂಡು ದಿನವಿಡೀ ನೀರಿನಲ್ಲಿ ನಿಲ್ಲುವ ಕೆಲಸ ಬೇರೆ. ಅವರ ಜಾಗದಲ್ಲಿದ್ದರೆ ತಾನೂ ಇದೇ ಹೆಸರಿಡುತ್ತಿದ್ದೆ ಎಂದುಕೊಂಡು ಅವಳು ಸುಮ್ಮನಾಗಿದ್ದಳು. ಎಡಗಾಲಿನ ಬೂಟು ತೂತಾಗಿ, ಅದಕ್ಕೆ ಸೈಕಲ್ ಟ್ಯೂಬಿನ ಕರಿ ತೇಪೆ ಹಚ್ಚಿಸಿಕೊಂಡು ಬಂದ ದಿನ ನೀರಾನೆಯನ್ನು ನೋಡಿಕೊಳ್ಳುವ ಹಿರಿಯ, ಎಲ್ಲರ ಬಾಯಲ್ಲೂ ಮಾವ ಆಗಿದ್ದವನು, ಕೊಕ್ಕರೆಗೂ ಬಳೆ ತೊಡಿಸಿದರು ಎಂದು ದಾರಿಯುದ್ದಕ್ಕೂ ಸಾರಿಕೊಂಡು ಬಂದಿದ್ದ.

ಬಳೆ ಅಂದರೆ ಹಕ್ಕಿಗಳ ಕಾಲಿಗೆ ಹಾಕುವ ಬಣ್ಣದ ಸುತ್ತು. ಅವಳ ಕೊಳದ ಹನ್ನೆರಡು ರಾಜಹಂಸಗಳಿಗೂ, ಅಂದರೆ ಗುಲಾಬಿ ಮೈಯ ಫ್ಲೆಮಿಂಗೊಗಳಿಗೂ, ಅದಿತ್ತು. ಕೆಂಪು, ಹಳದಿ, ಹಸಿರು, ನೀಲಿ, ಬಿಳಿ, ಕಪ್ಪು; ಒಂದೊಂದು ಬಣ್ಣಕ್ಕೆ ಒಂದು ಗಂಡು, ಒಂದು ಹೆಣ್ಣು. ಗಂಡಿಗಾದರೆ ಬಲಗಾಲಲ್ಲಿ, ಹೆಣ್ಣಿಗಾದರೆ ಎಡಗಾಲಲ್ಲಿ. ಗಂಡು ಹೆಣ್ಣು ಎರಡೂ ನೋಡಲು ಒಂದೇ ಥರ ಇರುವ ಹಕ್ಕಿಗಳಿಗೆ ಇದೊಂದೇ ಗುರುತು.

ಅವಳ ಬೆಳಗು ಶುರುವಾಗುತ್ತಿದ್ದದ್ದು ಎರಡು ಬಾಗಿಲುಗಳಿಂದ. ಹೊರಗಿನದನ್ನು ದಾಟಿ, ಅದರ ಚಿಲಕ ಹಾಕಿದ ಮೇಲೆಯೇ ಒಳಗಿನದನ್ನು ತೆರೆಯಬೇಕು. ತೆರೆದ ಕೂಡಲೇ ನಡೆಯುವಂತಿಲ್ಲ. ಹಕ್ಕಿಗಳು ಅವಳನ್ನು ನೋಡಿ, ಕತ್ತುಗಳನ್ನು ಒಟ್ಟಿಗೆ ಎತ್ತಿ, ಇವಳೇ ಎಂದು ತಮ್ಮತಮ್ಮಲ್ಲಿ ಗೊಣಗಿ ಮುಗಿಸುವ ತನಕ ಕಂಬದ ಹಾಗೆ ನಿಲ್ಲಬೇಕು. ಆಮೇಲೆ ಕೊಳದ ಅಂಚಿನ ಹಸಿ ಮಣ್ಣಿನಲ್ಲಿ ಬೆಕ್ಕಿನದೋ ಮುಂಗುಸಿಯದೋ ಹೆಜ್ಜೆ ಇದೆಯೇ ಎಂದು ನೋಡಬೇಕು. ಆಮೇಲೆ ಎಣಿಕೆ. ಎಣಿಕೆಯಾದ ಮೇಲೆ ಉದುರಿದ ಗರಿ ಗುಡಿಸಿ, ನೀರಿನ ಮೇಲಿನ ಪಾಚಿಯನ್ನು ಬಲೆಯಿಂದ ಎತ್ತಿ, ಊಟದ ತೊಟ್ಟಿಗಳನ್ನು ಉಜ್ಜಿ ತೊಳೆದು, ಒಣಸೀಗಡಿಯ ಪುಡಿ ಬೆರೆಸಿದ ಹಿಟ್ಟನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಮಾಡಿ ಸುರಿಯಬೇಕು. ಅವು ತಲೆಯನ್ನು ಬೋರಲು ಹಾಕಿ, ಕೊಕ್ಕನ್ನು ಜರಡಿ ಮಾಡಿಕೊಂಡು ಸೋಸಿ ತಿನ್ನುವಾಗ, ಯಾವುದು ಕುಂಟುತ್ತಿದೆ, ಯಾವುದಕ್ಕೆ ಅಂಗಾಲು ಒಡೆದಿದೆ ಎಂದು ನೋಡಿಕೊಳ್ಳಬೇಕು. ಈ ಎಲ್ಲದರಲ್ಲಿ ಬಾಯಿ ತೆರೆಯಬೇಕಾದ ಕೆಲಸ ಒಂದೂ ಇರಲಿಲ್ಲ. ಅವಳಿಗೆ ಈ ಕೊಳ ಹಿಡಿಸಿದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ದಿನವೂ ನೋಡಿದರೂ ಆ ಹಕ್ಕಿಗಳು ಅವಳಿಗೆ ಪೂರ್ತಿ ಅರ್ಥವಾಗದೆ ಇದ್ದದ್ದು. ಒಂದು ಕಾಲಲ್ಲಿ ನಿಂತು ನಿದ್ದೆ ಮಾಡುವಾಗ ಯಾವ ಕಾಲನ್ನು ಎತ್ತಬೇಕೆಂದು ಅವು ಹೇಗೆ ತೀರ್ಮಾನಿಸುತ್ತವೆ ಎಂಬುದೇ ಅವಳಿಗೆ ಒಂದು ಮಳೆಗಾಲ ಪೂರ್ತಿ ಯೋಚನೆಗೆ ಸಾಕಾಗಿತ್ತು.

ಹೀಗಿರುವಾಗ ಸಾಹೇಬರು ಒಂದು ದಿನ ಕೊಳದ ಬಳಿ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ. ಹೇಳಬೇಕಾದ್ದನ್ನು ಮೆತ್ತಗೆ ಹೇಳಿದರು. ರಾಜಹಂಸಗಳು ಸಂತೆಯಲ್ಲಿ ಬದುಕುವ ಹಕ್ಕಿಗಳು, ಸುತ್ತ ನೂರಾರು ಇದ್ದರೆ ಮಾತ್ರ ಅವಕ್ಕೆ ಸಂಸಾರ ಹೂಡುವ ಮನಸ್ಸು ಬರುತ್ತದೆ, ಹನ್ನೆರಡು ಅಂದರೆ ಅವಕ್ಕೆ ಊರೇ ಬಿಟ್ಟು ಹೋದ ಹಾಗೆ. ಇಷ್ಟು ವರ್ಷವಾದರೂ ಇಲ್ಲಿ ಒಂದೂ ಮೊಟ್ಟೆ ಬಿದ್ದಿಲ್ಲ. ದೂರದ ದೊಡ್ಡ ಮೃಗಾಲಯದಲ್ಲಿ ಕೆರೆಯೇ ಇದೆ, ದೊಡ್ಡ ಹಿಂಡೂ ಇದೆ. ಈ ಸಲ ಗೂಡು ಕಟ್ಟುವ ಕಾಲ ಮುಗಿಯುವುದರೊಳಗೆ ಇಲ್ಲಿ ಒಂದು ಮೊಟ್ಟೆ ಕಂಡರೆ ಹಿಂಡು ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲವನ್ನೂ ಅಲ್ಲಿಗೆ ಕಳಿಸುವುದು. ಅವಳ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಮುಖ್ಯದ್ವಾರದ ಬಳಿ ಮೈಕಿನಲ್ಲಿ ಪ್ರಕಟಣೆ ಹೇಳುವ ಜಾಗ ಖಾಲಿ ಇದೆ.

ಅವಳ ಕೈಯಲ್ಲಿದ್ದ ಪಾಚಿಯ ಬಲೆ ಅಲ್ಲೇ ನಿಂತಿತು. ಮೈಕು. ಮಕ್ಕಳನ್ನು ಕಟ್ಟೆ ಹತ್ತಿಸಬೇಡಿ, ಪ್ರಾಣಿಗಳಿಗೆ ತಿಂಡಿ ಎಸೆಯಬೇಡಿ, ಕೆಂಪು ಚೀಲ ಕಳಕೊಂಡವರು ಕಚೇರಿಗೆ ಬನ್ನಿ. ದಿನವಿಡೀ, ತನ್ನದೇ ದನಿ ಮರಮರಕ್ಕೂ ಬಡಿದು ತನ್ನ ಕಿವಿಗೇ ವಾಪಸು ಬರುವುದು. ವಾಕಿಟಾಕಿಯಲ್ಲಿ ಎರಡು ಮಾತು ಹೇಳಬೇಕಾದರೂ ಮೊದಲು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಳ್ಳುವವಳು ಅವಳು. ಹಕ್ಕಿಗಳು ಹೋಗುತ್ತವೆ ಎಂಬ ಸಂಕಟ, ಮೈಕು ಬರುತ್ತದೆ ಎಂಬ ಭಯ, ಎರಡೂ ಒಂದಕ್ಕೊಂದು ಹೆಣೆದುಕೊಂಡು ಯಾವುದು ಯಾವುದೆಂದೇ ತಿಳಿಯದಾಯಿತು.

ಮಾವ ಸಮಾಧಾನ ಹೇಳಲು ಬಂದ. ಅವನ ಸಮಾಧಾನ ಯಾವಾಗಲೂ ಹಾಗೆಯೇ. "ಕೋಳಿನ ಕೇಳಿ ಮಸಾಲೆ ಅರೀತಾರೇನಮ್ಮ? ಹಕ್ಕಿನೂ ಕೇಳಲ್ಲ, ನಿನ್ನನ್ನೂ ಕೇಳಲ್ಲ."

ಕನ್ನಡಿಯ ಮಾತು ಎತ್ತಿದ್ದು ಪಶುವೈದ್ಯೆ. ಹಿಂಡು ಚಿಕ್ಕದಿರುವ ಕೆಲವು ಕಡೆ ಕೊಳದ ಒಂದು ಬದಿಗೆ ಕನ್ನಡಿ ಸಾಲು ನಿಲ್ಲಿಸುತ್ತಾರಂತೆ. ಹಕ್ಕಿಗಳಿಗೆ ತಾವು ಎರಡು ಪಟ್ಟು ಇದ್ದೇವೆ ಎನ್ನಿಸುತ್ತದಂತೆ. ಆಗುತ್ತದೋ ಇಲ್ಲವೋ ಖಾತ್ರಿಯಿಲ್ಲ, ನೋಡಬಹುದು ಎಂದು ಹೇಳಿ ಆಕೆ ಕರಡಿಯ ಹಲ್ಲು ನೋಡಲು ಹೋದಳು. ಆ ರಾತ್ರಿ ನಿದ್ದೆ ಹತ್ತುವವರೆಗೆ ಅವಳಿಗೆ ಅದೇ ಧ್ಯಾನ. ಹಕ್ಕಿಗೆ ಎಷ್ಟರವರೆಗೆ ಎಣಿಸಲು ಬರುತ್ತದೆ? ಕನ್ನಡಿಯೊಳಗಿನವರು ಎಂದೂ ಕೂಗುವುದಿಲ್ಲ, ಅದು ಅವಕ್ಕೆ ವಿಚಿತ್ರ ಅನ್ನಿಸುವುದಿಲ್ಲವೇ? ಅಥವಾ ಗುಂಪಿನಲ್ಲಿ ಒಂದಷ್ಟು ಮಂದಿ ಮಾತಾಡದೆ ಇರುವುದು ಅವುಗಳಲ್ಲೂ ಸಹಜವೇ?

ಮನೆಯಲ್ಲಿ ಒಂದು ಕನ್ನಡಿ ಇತ್ತು, ಆಳೆತ್ತರದ್ದು. ಅವಳ ತಾಯಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ಮೇಲೆ ಹೊಲಿಗೆ ಯಂತ್ರ ಕೊಟ್ಟುಬಿಟ್ಟಿದ್ದಳು, ಕನ್ನಡಿಯನ್ನು ಮಾತ್ರ ಉಳಿಸಿಕೊಂಡಿದ್ದಳು. ಮರದ ಚೌಕಟ್ಟು, ಹಿಂದೆ ದಪ್ಪ ಹಲಗೆ, ನಿಲ್ಲಲು ಎರಡು ಕಾಲು. ಗೋಡೆಗೂ ಅದಕ್ಕೂ ನಡುವೆ ಒಂದು ಮಗು ತೂರುವಷ್ಟು ಸಂದು. ಚಿಕ್ಕವಳಿದ್ದಾಗ ಗಿರಾಕಿ ಬಂದ ಸದ್ದಾದರೆ ಸಾಕು, ಮಗಳು ಆ ಸಂದಿನಲ್ಲಿ ಮಾಯ. ಚೂರುಬಟ್ಟೆಗಳ ಮೇಲೆ ಕೂತು, ಹಲಗೆಯ ಆಚೆ ಅಳತೆ ಕೊಡುವವರ ಹರಟೆ ಕೇಳಿಸಿಕೊಳ್ಳುತ್ತ, ಅವರು ಹೋಗುವವರೆಗೆ ಹೊರಗೆ ಬರುತ್ತಿರಲಿಲ್ಲ. ಮಗಳ ಪಾಲಿನ ಮಾತನ್ನೂ ತಾಯಿಯೇ ಆಡಿ ಮುಗಿಸುತ್ತಿದ್ದಳು.

ಕನ್ನಡಿ ಕೊಡು ಎಂದು ಕೇಳಿದಾಗ ತಾಯಿ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ನಿನ್ನ ಹಕ್ಕಿಗೆ ಬೇಕಾ? ಮನುಷ್ಯರಿಗೆ ಹೊಲಿದು ಸಾಕಾಗಿ ಕೂತಿದ್ದೀನಿ, ಇನ್ನು ಹಕ್ಕಿಗಳು ಟ್ರಯಲ್ ನೋಡ್ಲಿ ಅಂತೀಯಾ."

ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ತಾಯಿ ತಾನೇ ಕನ್ನಡಿಯ ಮುಸುಕು ತೆಗೆದು, ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಒರೆಸುತ್ತ ತನ್ನ ಕೆಲಸದ ಮೊದಲ ದಿನಗಳ ಕಥೆಯೊಂದನ್ನು ಹೇಳಿದಳು. ಮಗಳು ಅದನ್ನು ಎಷ್ಟೋ ಸಲ ಕೇಳಿದ್ದಳು. ಒಬ್ಬ ಗಿರಾಕಿಗೆ ಒಂದು ತೋಳು ತುಸು ಉದ್ದ. ತಾಯಿ ಅವನ ಹಿಂದೆ ನಿಂತು, ಕನ್ನಡಿಯಲ್ಲಿ ನೋಡಿಕೊಂಡು ಕೋಟಿನ ಕೈಗೆ ಸುಣ್ಣದ ಗುರುತು ಹಾಕಿದ್ದಳು. ಕೋಟು ಸಿದ್ಧವಾದಾಗ ಉದ್ದ ಕೈಗೆ ಗಿಡ್ಡ ತೋಳು, ಗಿಡ್ಡ ಕೈಗೆ ಉದ್ದ ತೋಳು. ಆವತ್ತು ಅವಳ ಗುರು ಕಲಿಸಿದ ಪಾಠ ಒಂದೇ. ಗಿರಾಕಿ ಕನ್ನಡಿ ನೋಡಲಿ, ದರ್ಜಿ ಮೈ ನೋಡಬೇಕು. ಮಗಳು ಹೂಂ ಹೂಂ ಅನ್ನುತ್ತ ಹಗ್ಗ ಹುಡುಕುತ್ತಿದ್ದಳು.

ಮಾವ ತನ್ನ ಪರಿಚಯದ ಕ್ಷೌರಿಕನಿಂದ ಅಂಚು ಮಾಸಿದ ಮೂರು ಕನ್ನಡಿ ತಂದ. ಯಾರದೋ ಬೀರುವಿನ ಬಾಗಿಲೂ ಬಂತು. ಕೊಳದ ಹಿಂಬದಿಯಲ್ಲಿ ಜೊಂಡು ಬೆಳೆದ ಪಟ್ಟಿಯ ಮುಂದೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರು. ತಾಯಿಯ ಕನ್ನಡಿ ಎಲ್ಲಕ್ಕಿಂತ ಎತ್ತರವಾದ್ದರಿಂದ ಮೂಲೆಗೆ, ಕೊನೆಯಲ್ಲಿ. ಕನ್ನಡಿಗಳ ಮುಂದೆ ಅವಳು ಕೈಯಾರೆ ಮಣ್ಣಿನ ಗುಪ್ಪೆಗಳನ್ನು ಮಾಡಿದಳು. ರಾಜಹಂಸ ಗೂಡು ಕಟ್ಟುವುದು ಹಾಗೆ. ಬೋರಲು ಹಾಕಿದ ಬಕೆಟಿನ ಆಕಾರ, ತಲೆಯ ಮೇಲೆ ತಟ್ಟೆಯಷ್ಟು ತಗ್ಗು. ಮೊದಲ ಮಣ್ಣು ಪಾಲಕರು ಹಾಕಿಕೊಟ್ಟರೆ ಹಕ್ಕಿಗಳಿಗೆ ಹುರುಪು ಬರುತ್ತದೆಂಬುದು ಈ ಕೆಲಸದವರ ನಂಬಿಕೆ. ಅವಳು ಬಕೆಟಿನಲ್ಲೇ ಅಚ್ಚು ಹೊಯ್ದು, ಕರಣಿಯಿಂದ ಸವರಿ, ಒಂದರ ಪಕ್ಕ ಒಂದು ಇಟ್ಟಳು. ಮಾವ ನೋಡಿ, ಇದು ಗೂಡೋ, ಸರ್ಕಾರಿ ವಸತಿಗೃಹವೋ ಎಂದು ಕೇಳಿದ. ಆ ದಿನದಿಂದ ಗುಪ್ಪೆಗಳ ಆಚೆ ಯಾರೂ ಕಾಲಿಡಬಾರದು ಎಂದು ಅವಳೇ ಹಗ್ಗ ಕಟ್ಟಿದಳು. ತಾನೂ ಆಚೆ ಹೋಗಲಿಲ್ಲ.

ಮೊದಲ ಬೆಳಿಗ್ಗೆ ಹಕ್ಕಿಗಳು ದಂಗಾದವು. ಕತ್ತು ಎತ್ತಿದರೆ ಆಚೆಯವರೂ ಎತ್ತುತ್ತಾರೆ. ಹಿಂದೆ ಸರಿದರೆ ಅವರೂ ಸರಿಯುತ್ತಾರೆ. ಇಷ್ಟು ಮರ್ಯಾದಸ್ಥ ನೆಂಟರನ್ನು ಅವು ಕಂಡಿರಲಿಲ್ಲ. ಎರಡು ದಿನ ಕಳೆಯುವುದರೊಳಗೆ ಭಯ ಹೋಗಿ ಸಡಗರ ಬಂತು. ಒಟ್ಟಿಗೆ ಅತ್ತ ನಾಲ್ಕು ಹೆಜ್ಜೆ, ಥಟ್ಟನೆ ತಿರುಗಿ ಇತ್ತ ನಾಲ್ಕು ಹೆಜ್ಜೆ. ತಲೆ ಎಡಬಲ ಒಗೆಯುವುದು. ರೆಕ್ಕೆ ಬಿಚ್ಚಿ ಒಳಗಿನ ಕೆಂಪು ಕಪ್ಪು ತೋರಿಸಿ ಮುಚ್ಚುವುದು. ಪುಸ್ತಕದಲ್ಲಿ ಓದಿದ್ದ ಕುಣಿತವೆಲ್ಲ ಅವಳ ಕಣ್ಣೆದುರಿಗೇ ನಡೆಯಿತು. ಕಪ್ಪು ಬಳೆಯ ಗಂಡಂತೂ ಕ್ಷೌರಿಕನ ಕನ್ನಡಿಯ ಮುಂದಿನಿಂದ ಕದಲಲೇ ಇಲ್ಲ. ಅದು ಇನ್ನು ಗಡ್ಡ ಬೋಳಿಸಿಕೊಂಡೇ ಏಳುವುದು ಎಂದ ಮಾವ.

ಒಂದು ಹಕ್ಕಿಗೆ ಮಾತ್ರ ಈ ಯಾವುದೂ ಬೇಕಿರಲಿಲ್ಲ. ಹಳದಿ ಬಳೆಯ ಹೆಣ್ಣು. ಎಲ್ಲವೂ ಕುಣಿಯುವಾಗ ಅದು ಪಕ್ಕದಲ್ಲಿ, ಕನ್ನಡಿಗಳಿಗೆ ಬೆನ್ನು ಮಾಡಿ ನಿಂತಿರುತ್ತಿತ್ತು. ಅವಳು ಅದಕ್ಕೆ ಮುನಿಸಮ್ಮ ಎಂದು ಹೆಸರಿಟ್ಟಿದ್ದಳು, ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಒಮ್ಮೆ ಮಾತ್ರ ಮುನಿಸಮ್ಮ ತಾಯಿಯ ಕನ್ನಡಿಯ ತೀರ ಹತ್ತಿರ ಹೋಗಿ, ಕತ್ತನ್ನು ಉದ್ದಕ್ಕೆ ಚಾಚಿ, ಚೌಕಟ್ಟಿನ ಅಂಚಿನ ಆಚೆಗೆ ಇಣುಕಿದ್ದನ್ನು ಅವಳು ನೋಡಿದ್ದಳು.

ಕನ್ನಡಿ ಬಂದ ಮೇಲೆ ಎಣಿಕೆ ಕಷ್ಟವಾಯಿತು. ತಲೆ ಎಣಿಸಿದರೆ ಕನ್ನಡಿಯ ತಲೆಗಳೂ ಸೇರಿ ಲೆಕ್ಕ ಕೆಡುತ್ತಿತ್ತು. ಅದಕ್ಕೆ ಅವಳು ಒಂದು ಉಪಾಯ ಹೂಡಿದಳು. ತಲೆ ಬಿಟ್ಟು ಕಾಲು ನೋಡುವುದು. ಕೆಂಪು ಬಲ ಇದೆ, ಕೆಂಪು ಎಡ ಇದೆ. ಹಸಿರು ಬಲ ಇದೆ, ಹಸಿರು ಎಡ ಇದೆ. ಹೀಗೆ ಒಂದೊಂದು ಬಣ್ಣಕ್ಕೆ ಬಲವೊಂದು ಎಡವೊಂದು ಸಿಕ್ಕಿದ ಮೇಲೆ ಮತ್ತೆ ಆ ಬಣ್ಣದ ಕಡೆ ನೋಡುವ ಹಾಗಿಲ್ಲ. ಕನ್ನಡಿಯಲ್ಲಿ ಇನ್ನೆಷ್ಟೇ ಕಾಣಲಿ, ಆರು ಬಣ್ಣ ಮುಗಿದರೆ ಎಣಿಕೆ ಮುಗಿಯಿತು. ತನ್ನ ಈ ಜಾಣತನದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ದಿನವೂ ಆರು ಬಣ್ಣವೂ ಸರಿಯಾಗಿ ಮುಗಿಯುತ್ತಿತ್ತು.

ಮುಗಿಯದೆ ಉಳಿದದ್ದು ಮೊಟ್ಟೆಯ ವಿಚಾರ. ಕುಣಿತವಾಯಿತು, ಜೋಡಿಗಳಾದವು, ಕೆಲವು ಹಕ್ಕಿಗಳು ಅವಳ ಗುಪ್ಪೆಗಳ ಮೇಲೆ ಹತ್ತಿ ಇಳಿದವು, ಕೊಕ್ಕಿನಿಂದ ಮಣ್ಣು ಸರಿಪಡಿಸಿದವು. ಬೀಗರು ಬಂದರು, ಉಂಡರು, ಮನೆ ನೋಡಿದರು, ಮದುವೆ ಮಾತ್ರ ನಿಶ್ಚಯವಾಗಲಿಲ್ಲ ಎಂಬಂತೆ ವಾರಗಳು ಕಳೆದವು. ದಿನಾ ಬೆಳಿಗ್ಗೆ ಅವಳು ಹಗ್ಗದ ಈಚೆ ತುದಿಗಾಲಲ್ಲಿ ನಿಂತು ಒಂದೊಂದು ಗುಪ್ಪೆಯ ತಟ್ಟೆಯನ್ನೂ ನೋಡುವಳು. ಖಾಲಿ. ಕರಣಿಯಿಂದ ಸವರಿದ ನುಣುಪು ಕೂಡ ಹಾಗೇ ಇರುತ್ತಿತ್ತು.

ಕಾಲ ಮುಗಿಯಿತು. ಸಾಹೇಬರು ಬಂದು, ಪ್ರಯತ್ನ ಪಟ್ಟೆಯಲ್ಲ, ಅದು ದೊಡ್ಡದು ಎಂದರು. ನಾಳೆ ವ್ಯಾನು ಬರುತ್ತದೆ, ಇವತ್ತೇ ಕನ್ನಡಿಗಳನ್ನು ಮುಚ್ಚಿಬಿಡು, ಒಮ್ಮೆಲೇ ತೆಗೆದರೆ ಹಕ್ಕಿಗಳು ಬೆದರುತ್ತವೆ ಎಂದರು. ಮೈಕಿನ ಕೋಣೆಯ ಬೀಗದ ಕೈಯನ್ನೂ ಕೊಟ್ಟು ಹೋದರು. ಅದು ಅವಳ ಜೇಬಿನಲ್ಲಿ, ಕಾಲು ಎತ್ತಿದಾಗಲೆಲ್ಲ ತೊಡೆಗೆ ಚುಚ್ಚುತ್ತಿತ್ತು.

ಅವಳು ಹಗ್ಗದ ಈಚೆಯಿಂದಲೇ ಉದ್ದನೆಯ ಬಿದಿರಿನಲ್ಲಿ ತಾಯಿ ಕೊಟ್ಟ ಹಳೆಯ ಹೊದಿಕೆಗಳನ್ನು ಎತ್ತಿ ಒಂದೊಂದೇ ಕನ್ನಡಿಗೆ ಹೊದಿಸಿದಳು. ಕೊಳ ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಹಕ್ಕಿಗಳು ಸದ್ದಿಲ್ಲದೆ ನಿಂತವು. ಎಣಿಕೆಗೆ ಶುರುಮಾಡಿದಳು. ಕೆಂಪು ಬಲ, ಕೆಂಪು ಎಡ. ಹಳದಿ ಬಲ.

ಹಳದಿ ಎಡ ಇರಲಿಲ್ಲ.

ಮತ್ತೆ ಎಣಿಸಿದಳು. ಹನ್ನೊಂದು. ಮುನಿಸಮ್ಮನ ಸುಳಿವೇ ಇಲ್ಲ. ಹಕ್ಕಿ ಕಾಣೆಯಾದರೆ ಕೂಡಲೇ ವಾಕಿಟಾಕಿಯಲ್ಲಿ ತಿಳಿಸಬೇಕೆಂಬುದು ನಿಯಮ. ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಳ್ಳಲೂ ಪುರುಸೊತ್ತಿರಲಿಲ್ಲ, ಹೇಗೋ ಹೇಳಿದಳು. ಮಾವ ನೀರಾನೆಯ ಹುಲ್ಲು ಅಲ್ಲೇ ಬಿಟ್ಟು ಓಡಿಬಂದ. ಬೇಲಿಯ ಹೊರಸುತ್ತು ನಡೆದರು, ಒಳಗೆ ಹಗ್ಗದವರೆಗೂ ನೋಡಿದರು. ಎಲ್ಲೂ ತೂತಿಲ್ಲ, ಎಳೆದುಕೊಂಡು ಹೋದ ಗುರುತಿಲ್ಲ, ಕಿತ್ತ ಗರಿಯಿಲ್ಲ, ರಕ್ತವಿಲ್ಲ. ಮೇಲೆ ಬಲೆಯಿದೆ, ಹಾರಿಹೋಗುವ ಹಾಗೂ ಇಲ್ಲ. ಬಂಗಾರದ ಸರವಾದರೆ ಕೆಸರಲ್ಲಿ ಬಿತ್ತು ಅನ್ನಬಹುದು, ಇಷ್ಟೆತ್ತರದ ಹಕ್ಕಿ ಎಲ್ಲಿ ಬೀಳುತ್ತದೆ ಎಂದು ಮಾವ ತಲೆ ಕೆರೆದುಕೊಂಡ. ಹುಡುಕುವವರನ್ನು ಕಂಡು ಉಳಿದ ಹಕ್ಕಿಗಳು ಬೆದರಿ ಒಂದರ ಮೇಲೊಂದು ಬೀಳತೊಡಗಿದ್ದರಿಂದ ಇಬ್ಬರೂ ಹೊರಗೆ ಬಂದರು.

ಮಧ್ಯಾಹ್ನ ಹಿಟ್ಟು ಹಾಕಲು ಒಳಗೆ ಹೋದಾಗ ಅವಳಿಗೆ ಜೀವ ಬಂದ ಹಾಗಾಯಿತು. ತೊಟ್ಟಿಯ ಬಳಿ ಎಲ್ಲರಿಗಿಂತ ಮುಂದೆ ನಿಂತು, ಎಷ್ಟೋ ಹೊತ್ತಿನಿಂದ ಉಪವಾಸವಿದ್ದಂತೆ ಸೋಸಿ ಸೋಸಿ ತಿನ್ನುತ್ತಿತ್ತು ಮುನಿಸಮ್ಮ. ಹಳದಿ ಎಡ. ಕೆಸರು ಮೆತ್ತಿದ ಎದೆ. ಸಿಕ್ಕಿತು ಎಂದು ವಾಕಿಟಾಕಿಯಲ್ಲಿ ಹೇಳಿಯೇಬಿಟ್ಟಳು. ಹೇಳಿದ ಮೇಲೆ, ಇರಲಿ ಎಂದು ಪೂರ್ತಿ ಎಣಿಸಿದಳು.

ಹನ್ನೊಂದೇ. ಈಗ ಹಳದಿ ಬಲ ಇರಲಿಲ್ಲ.

ಬೇಲಿಯಾಚೆ ನಿಂತಿದ್ದ ಮಾವನಿಗೆ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಬೆಳಿಗ್ಗೆ ಹೆಂಡತಿ ಇಲ್ಲ, ಮಧ್ಯಾಹ್ನ ಗಂಡ ಇಲ್ಲ. ಮೊಮ್ಮಗು ಬಂದಾಗಿಂದ ನಮ್ಮನೇಲೂ ಇದೇ ಕಥೆ ಕಣಮ್ಮ. ನಾನು ಒಳಗೆ ಹೋದ್ರೆ ನಿಮ್ಮತ್ತೆ ಹೊರಗೆ."

ಅಷ್ಟರಲ್ಲಿ ಸೊಂಟದ ವಾಕಿಟಾಕಿ ಗೊರಗೊರ ಎಂದಿತು. ಸಾಹೇಬರು. ಹಕ್ಕಿ ಸಿಕ್ಕಿತೋ ಇಲ್ಲವೋ, ವ್ಯಾನಿನವರಿಗೆ ಏನು ಹೇಳಲಿ ಎಂದು ಕೇಳುತ್ತಿದ್ದರು.

"ಸಿಕ್ತು ಸರ್. ಆದ್ರೆ ಇನ್ನೊಂದಿಲ್ಲ. ಒಟ್ಟು ಒಂದು ಕಡಿಮೆ ಇದೆ. ಯಾವುದು ಅಂತ... ಅದು ಬದಲಾಗ್ತಾ ಇದೆ."

ವಾಕಿಟಾಕಿಯಲ್ಲಿ ಯಾರೋ ಕಿಸಕ್ಕೆಂದರು. ಮೃಗಾಲಯದ ಎಲ್ಲ ಸೊಂಟಗಳಲ್ಲೂ ಅವಳ ದನಿ ಕೇಳಿತ್ತು. ಅವಳ ಕಿವಿ ರಾಜಹಂಸದ ಬಣ್ಣಕ್ಕೆ ತಿರುಗಿತು. ಸರಿಯಾಗಿ ನೋಡಿ ಹೇಳು ಎಂದರು ಸಾಹೇಬರು, ಸಿಟ್ಟಿನಿಂದೇನೂ ಅಲ್ಲ. ಮಾವ ತನ್ನ ನೀರಾನೆಯ ಕಡೆ ಹೋದ.

ನಾಚಿಕೆ ಒಂದು ಕಡೆಗಿರಲಿ, ಈಗ ಅವಳನ್ನು ಕಾಡುತ್ತಿದ್ದದ್ದು ಬೇರೆ. ಇದೇನಿದು? ನಿನ್ನೆಯವರೆಗೆ ದಿನವೂ ಸರಿಯಿದ್ದ ಎಣಿಕೆ ಇವತ್ತು ಯಾಕೆ ಕೆಟ್ಟಿತು? ನಿನ್ನೆಗೂ ಇವತ್ತಿಗೂ ಬದಲಾದದ್ದು ಒಂದೇ. ಕನ್ನಡಿಗೆ ಮುಸುಕು ಹಾಕಿದ್ದು. ಕನ್ನಡಿ ಮುಚ್ಚಿದರೆ ನಿಜವಾದ ಹಕ್ಕಿ ಹೇಗೆ ಕಡಿಮೆಯಾಗುತ್ತದೆ? ಅವಳು ಬಿದಿರು ತೆಗೆದುಕೊಂಡು ಹಗ್ಗದ ಈಚೆ ನಿಂತು, ಹತ್ತಿರದ ಕನ್ನಡಿಯ ಹೊದಿಕೆಯನ್ನು ಸರಿಸಿದಳು.

ಕನ್ನಡಿಯಲ್ಲಿ ಉದ್ದ ಕಾಲಿನ ಹುಡುಗಿಯೊಬ್ಬಳು ಬಿಳಿ ಗಂಬೂಟು ಹಾಕಿಕೊಂಡು ನಿಂತಿದ್ದಳು. ಬಲಗಾಲಿನ ಬೂಟಿಗೆ ಕರಿ ತೇಪೆ.

ಅವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು. ತೇಪೆ ಎಡಗಾಲಲ್ಲಿತ್ತು. ಮತ್ತೆ ಕನ್ನಡಿ ನೋಡಿದಳು. ಬಲಗಾಲು.

ಗಿರಾಕಿ ಕನ್ನಡಿ ನೋಡಲಿ, ದರ್ಜಿ ಮೈ ನೋಡಬೇಕು. ಹಾಲು ಕುಡಿಯುವಾಗಿನಿಂದ ಕೇಳಿಕೊಂಡು ಬಂದ ಮಾತು. ಅವಳು ಇಷ್ಟು ದಿನ ಎಣಿಸಿದ್ದು ಯಾರನ್ನು? ಹಳದಿ ಬಲದ ಗಂಡು ಕನ್ನಡಿಯ ಮುಂದೆ ನಿಂತರೆ, ಕನ್ನಡಿಯೊಳಗೆ ಅದು ಹಳದಿ ಎಡದ ಹೆಣ್ಣು. ಹೆಣ್ಣು ನಿಂತರೆ ಕನ್ನಡಿಯೊಳಗೆ ಗಂಡು. ಎರಡರಲ್ಲಿ ಒಂದು ಇಲ್ಲದೆ ಹೋದರೂ, ಇರುವುದರ ನೆರಳೇ ಇಲ್ಲದ್ದರ ಹಾಜರಿ ಕೂಗುತ್ತಿತ್ತು. ಅವಳೋ ಬಲವೊಂದು ಎಡವೊಂದು ಸಿಕ್ಕಿತೆಂದು ಮುಂದಿನ ಬಣ್ಣಕ್ಕೆ ಹೋಗಿಬಿಡುತ್ತಿದ್ದಳು. ಇದು ಎಷ್ಟು ದಿನದಿಂದ ನಡೆದಿದೆಯೋ ಯಾರಿಗೆ ಗೊತ್ತು.

ತನ್ನ ಜಾಣತನಕ್ಕೆ ಅವಳಿಗೆ ನಗು ಬಂತು. ಆ ನಗು ಅರ್ಧದಲ್ಲೇ ನಿಂತಿತು. ಹಾಗಾದರೆ ಯಾವುದೂ ಕಾಣೆಯಾಗಿಲ್ಲ. ಒಂದು ಬಂದಾಗ ಇನ್ನೊಂದು ಹೋಗುತ್ತದೆ. ಬಂದದ್ದು ಹಸಿದು ಬರುತ್ತದೆ, ಎದೆಗೆ ಕೆಸರು ಮೆತ್ತಿಕೊಂಡು ಬರುತ್ತದೆ. ನಾನು ಒಳಗೆ ಹೋದರೆ ನಿಮ್ಮತ್ತೆ ಹೊರಗೆ. ಎರಡು ಹಕ್ಕಿಗಳು ಹೀಗೆ ಪಾಳಿ ಹಾಕಿಕೊಂಡು ಮಾಡುವ ಕೆಲಸ ಲೋಕದಲ್ಲಿ ಒಂದೇ ಒಂದು.

ಗುಪ್ಪೆಗಳು ಖಾಲಿ ಇದ್ದವು. ಅವಳು ಕನ್ನಡಿಗಳ ಮುಂದೆ ಮಾತ್ರ ನೋಡುತ್ತಿದ್ದಳು.

ಗಂಬೂಟನ್ನು ಕಳಚಿಟ್ಟು, ಬರಿಗಾಲಲ್ಲಿ, ನೀರಿಗೆ ಸದ್ದಾಗದಂತೆ ಕೊಳದ ಅಂಚು ಹಿಡಿದು ಬಳಸಿ ಹೋದಳು. ಬೇಲಿಯ ಬದಿಯಿಂದ ಜೊಂಡನ್ನು ಎರಡೇ ಬೆರಳಲ್ಲಿ ಸರಿಸಿದಳು. ತಾಯಿಯ ಕನ್ನಡಿಯ ಬೆನ್ನು ಕಂಡಿತು. ಕಂದು ಹಲಗೆ, ಅದರ ಮೇಲೆ ಯಾವ ಕಾಲದಲ್ಲೋ ತಾಯಿ ಸುಣ್ಣದ ಕಡ್ಡಿಯಲ್ಲಿ ಬರೆದ ಯಾರದೋ ಭುಜದ ಅಳತೆ. ಹಲಗೆಗೂ ಜೊಂಡಿಗೂ ನಡುವಿನ ನೆರಳಿನಲ್ಲಿ ಒಂದು ಗುಪ್ಪೆ. ಅವಳು ಮಾಡಿದ್ದಲ್ಲ. ಸೊಟ್ಟಗೆ, ಒಂದು ಕಡೆ ವಾಲಿಕೊಂಡು, ಹಲಗೆಗೇ ಒರಗಿದ ಹಾಗೆ ಕಟ್ಟಿದ್ದು; ಮಣ್ಣು ಸಾಲದೆ ಜೊಂಡಿನ ಬೇರು, ಗರಿ, ಸಿಕ್ಕಿದ್ದನ್ನೆಲ್ಲ ಸೇರಿಸಿ ಮೆತ್ತಿದ್ದು. ಅದರ ಮೇಲೆ, ಕಾಲುಗಳನ್ನು ಮಡಚಿ ಹಿಂದಕ್ಕೆ ಚಾಚಿಕೊಂಡು ಕೂತಿತ್ತು ಹಳದಿ ಬಲದ ಗಂಡು. ಅವಳನ್ನು ಒಂದು ಕಣ್ಣಿನಿಂದ ನೋಡಿತು. ಅವಳು ಕಂಬವಾದಳು. ಇವಳೇ ಎಂದು ಅದು ಗೊಣಗಿ ಮುಗಿಸುವ ತನಕ ಕಾದಳು. ಆಮೇಲೆ ಅದು ಎದ್ದು, ಕತ್ತು ಬಗ್ಗಿಸಿ, ಕೊಕ್ಕಿನಿಂದ ಕೆಳಗೇನನ್ನೋ ಮೆಲ್ಲಗೆ ಹೊರಳಿಸಿತು. ಸುಣ್ಣ ಬಳಿದಂತೆ ಬೆಳ್ಳಗೆ, ಉದ್ದಕ್ಕೆ, ಅವಳ ಅಂಗೈ ತುಂಬುವಷ್ಟು ದೊಡ್ಡದು. ಹೊರಳಿಸಿ, ಮತ್ತೆ ಅದರ ಮೇಲೆ ಕೂತಿತು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು.

ಈಗ ಹೇಳಬೇಕಿತ್ತು, ಹಾಗಂತ ಅಲ್ಲಿಂದ ಏಳುವಂತಿರಲಿಲ್ಲ. ಮತ್ತೆ ಸದ್ದು ಮಾಡಿದರೆ ಹಕ್ಕಿ ಗೂಡು ಬಿಟ್ಟೀತು. ಅವಳು ಜೊಂಡಿನಲ್ಲಿ ಕುಕ್ಕರುಗಾಲಲ್ಲಿ ಕೂತಲ್ಲೇ ವಾಕಿಟಾಕಿಯನ್ನು ತುಟಿಗೆ ಹಚ್ಚಿಕೊಂಡಳು. ಮನಸ್ಸಿನಲ್ಲಿ ಒಂದು ಸಲವೂ ಹೇಳಿಕೊಳ್ಳಲಿಲ್ಲ.

"ಸರ್," ಎಂದಳು, ಉಸಿರಿಗಿಂತ ಒಂದು ಎಳೆ ಜೋರಾಗಿ. "ವ್ಯಾನು ಬೇಡ ಸರ್. ಮೊಟ್ಟೆ ಇದೆ."

ಗೊರಗೊರದ ನಡುವೆ ಸಾಹೇಬರ ದನಿ ಬಂತು. ಅವರೂ ಯಾಕೋ ಪಿಸುಗುಟ್ಟುತ್ತಿದ್ದರು. "ಎಲ್ಲಿ?"

"ಕನ್ನಡಿ ಹಿಂದೆ."

"ನಾನು ಬಂದು ನೋಡಬಹುದಾ?"

"ಈಗ ಬೇಡ ಸರ್."

ಸಾಹೇಬರಿಗೆ ಬೇಡ ಎಂದದ್ದು ಅವಳಿಗೆ ಹೊಳೆದದ್ದು ಆಮೇಲೆ. ಅವರು ಆಯಿತು ಎಂದರು. ಅದನ್ನೂ ಪಿಸುಮಾತಿನಲ್ಲೇ ಎಂದರು. ನೀರಾನೆಯ ಕಡೆಯಿಂದ ಮಾವನೂ ಏನೋ ಪಿಸುಗುಟ್ಟಿದ, ಅವನ ಪಿಸುಮಾತು ಮಾತ್ರ ಬೇಲಿಯಾಚೆಯಿಂದ ನೇರವಾಗಿಯೇ ಕೇಳಿಸಿತು.

ಸಂಜೆ ಮೈಕಿನ ಕೋಣೆಯ ಬೀಗದ ಕೈ ಕಚೇರಿಗೆ ವಾಪಸು ಹೋಯಿತು. ಎಣಿಕೆ ತಪ್ಪಿದ್ದು ಹೇಗೆಂದು ಅವಳು ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಎರಡು ಸಲ ಕೇಳಿಸಿಕೊಂಡು, ತಮ್ಮ ಕೋಣೆಯ ಗೋಡೆಗನ್ನಡಿಯ ಮುಂದೆ ನಿಂತು ಒಂದು ಕೈ ಎತ್ತಿ ನೋಡಿಕೊಂಡರು. ಇನ್ನು ಮುಂದೆ ಕನ್ನಡಿಗೆ ಬೆನ್ನು ಹಾಕಿ ನಿಂತು ಎಣಿಸಬೇಕೆಂದು ತೀರ್ಮಾನವಾಯಿತು. ಹೊದಿಕೆಗಳನ್ನು ತೆಗೆದರು. ಮೂಲೆಯ ಆಳೆತ್ತರದ ಕನ್ನಡಿಯನ್ನು ಮರಿ ಆಗುವವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ಇದನ್ನು ಮನೆಯಲ್ಲಿ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಳು. ತಾಯಿ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. ಕನ್ನಡಿ ಸದ್ಯಕ್ಕೆ ಬರುವುದಿಲ್ಲ ಎಂದರೆ ಬೇಸರಪಡಲಿಲ್ಲ. ಅವಳ ಸಂಶಯವೇ ಬೇರೆಯಿತ್ತು.

"ಅಲ್ಲ, ಅಷ್ಟೊಂದು ಕನ್ನಡಿ ನಿಲ್ಲಿಸಿದ್ದು ಅವಕ್ಕೆ ಜನ ಕಾಣಲಿ ಅಂತ ತಾನೆ? ಅದು ಹೋಗಿ ಹಿಂದುಗಡೆ ಕತ್ತಲಲ್ಲಿ ಕೂತಿದೆ ಅಂದ್ರೆ?"

ತನಗೂ ಅದೇ ತಿಳಿಯುತ್ತಿಲ್ಲ ಎಂದಳು ಮಗಳು. ಕನ್ನಡಿಗಳ ಗದ್ದಲ ಕಂಡು ಮನಸ್ಸು ಬಂತೋ, ಗದ್ದಲ ತಾಳದೆ ಹಿಂದೆ ಹೋಯಿತೋ. ಎರಡೂ ನಿಜವಿರಬಹುದು. ಡಾಕ್ಟರಮ್ಮನಿಗೂ ಗೊತ್ತಿಲ್ಲವಂತೆ.

ತಾಯಿ ಮುಂದಿನ ಕೋಣೆಯ ಗೋಡೆಯ ಕಡೆ ನೋಡಿದಳು. ಕನ್ನಡಿ ಇದ್ದ ಜಾಗದಲ್ಲಿ ಬಣ್ಣ ಮಾಸದೆ ಉದ್ದಕ್ಕೆ ಒಂದು ಚೌಕ ಉಳಿದಿತ್ತು.

"ನೀನೂ ಅದರ ಹಿಂದೇನೇ ಕೂತಿರ್ತಿದ್ದೆ. ಕರೆದ್ರೂ ಬರ್ತಿರಲಿಲ್ಲ. ಏನಿತ್ತು ಅಂತ ಹೋಗ್ತಿದ್ದೆ ಅಲ್ಲಿಗೆ?"

ಇದನ್ನು ಈವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

"ಮೊದಲನೇ ಸಲ, ಕನ್ನಡಿಯೊಳಗಿನ ಹುಡುಗಿ ಆ ಕಡೆ ಇದ್ದಾಳೇನೋ ಅಂತ ನೋಡೋಕೆ ಹೋಗಿದ್ದೆ."

"ಇದ್ಲಾ?"

"ಇಲ್ಲ. ಯಾರೂ ಇರಲಿಲ್ಲ. ಅದಕ್ಕೇ ಅಲ್ಲೇ ಕೂತೆ."